ಗೋಡೆಯ ಮೇಲಿನ ಅವ್ವನಿಗೆ ಕಾಮಣಿ

ಸೋಲಾಪುರದ ನವಿ ಪೇಠದ ಬಟ್ಟೆ ವ್ಯಾಪಾರಿ ಬಸಣ್ಣನ ಹೆಂಡತಿ ಗಂಗುಬಾಯಿಗೆ ಸಿಟ್ಟು ಬಂದದ್ದು ಮೊದಲು ತಿಳಿಯುವುದು ಕೆಳಗೆ ಅಂಗಡಿಯಲ್ಲಿದ್ದವರಿಗೆ. ಮನೆ ಅಂಗಡಿಯ ಮೇಲೆಯೇ. ಮೇಲೆ ಪಾತ್ರೆಗಳು ಜೋರಾಗಿ ಸದ್ದು ಮಾಡಿದರೆ ಕೆಳಗೆ ಚಾದರ ಮಡಚುವ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬಸಣ್ಣ ಬೇಕಿಲ್ಲದಿದ್ದರೂ ಗಿರಾಕಿಯ ಮುಂದೆ ಇನ್ನೊಂದು ಸೀರೆ ಬಿಚ್ಚುತ್ತಾನೆ. ಆ ದಿನ ಪಾತ್ರೆ ಸದ್ದಾಗಲಿಲ್ಲ. ಎಪ್ಪತ್ತು ದಾಟಿದ ಗಂಗುಬಾಯಿ ತಾನೇ ಮೆಟ್ಟಿಲಿಳಿದು ಬಂದಳು. ಎರಡೂ ಕೈಯಲ್ಲಿ ಗೋಡೆಯಿಂದ ಇಳಿಸಿದ ದೊಡ್ಡದೊಂದು ಫೋಟೋ. ಗಂಧದ ಹಾರ ಇನ್ನೂ ಅದಕ್ಕೆ ಜೋತುಬಿದ್ದಿತ್ತು.

“ನೋಡ್ರಿ ಇಲ್ಲೆ,” ಎಂದು ಅದನ್ನು ಗಾದಿಯ ಮೇಲೆ, ಬಿಚ್ಚಿಟ್ಟ ಸೀರೆಗಳ ನಡುವೆಯೇ ಇಟ್ಟಳು. “ಭಾಂಡಿ ತಿಕ್ಕಾಕ ಬರೂ ದ್ರೌಪದಿ ಕೇಳ್ತಾಳ, ಕಾಕು, ನಿಮ್ಮವ್ವಗ ಕಾಮಣಿ ಆಗಿತ್ತೇನ್ರಿ ಅಂತ! ನಾನೂ ಭಾಳ ದಿನದಿಂದ ನೋಡಾಕತ್ತೀನಿ, ನನ್ನ ಕಣ್ಣಿಗೇ ಪೊರಿ ಬಂದೈತೇನೋ ಅಂದ್ಕೊಂಡಿದ್ದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಫೋಟೋನ ಕೆಟ್ಟೈತಿ.”

ದ್ರೌಪದಿ ಸುಳ್ಳು ಹೇಳಿರಲಿಲ್ಲ. ಫೋಟೋದ ಹೆಂಗಸಿನ ಮುಖ ಕಾಮಾಲೆ ಬಂದವರಂತೆ, ಅರಿಸಿನ ಹಚ್ಚಿದಂತೆ ಹಳದಿಯಾಗಿತ್ತು. ತುಟಿ ಎಲ್ಲಿ ಮುಗಿದು ಗಲ್ಲ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುತ್ತಿರಲಿಲ್ಲ. ಎಡಗಣ್ಣು ಹೋಗಿಯೇ ಬಿಟ್ಟಿತ್ತು, ಬಲಗಣ್ಣು ಹೋಗುವ ತಯಾರಿಯಲ್ಲಿತ್ತು. ಎರಡು ವರ್ಷದ ಹಿಂದೆ ಗಿಳಿಹಸಿರು ಇದ್ದ ಸೀರೆ ಈಗ ಒಣಗಿದ ಕಣಿಕೆಯ ಬಣ್ಣಕ್ಕೆ ಬಂದಿತ್ತು.

ಬಸಣ್ಣ ಚಾಳೀಸು ಏರಿಸಿ ನೋಡಿ, “ಬಣ್ಣಾ ಹೋಗೇತಿ,” ಎಂದ.

“ಅದು ನನಗೂ ಕಾಣತೈತಿ! ಯಾಕ ಹೋಗೇತಿ ಅದನ್ನ ಹೇಳ್ರಿ. ನಮ್ಮ ಸೋಲಾಪುರದ ಚಾದರ ಕಲ್ಲಿಗೆ ಬಡದ ಬಡದ ಒಗದ್ರೂ ಹೋಗೂದಿಲ್ಲ. ಇದಕ್ಕ ಒಂದ ಹನಿ ನೀರ ಬಿದ್ದಿಲ್ಲ. ಗ್ವಾಡಿ ಮ್ಯಾಲ ಸುಮ್ಮನ ಕುಂತಿದ್ಲು ನಮ್ಮವ್ವ, ಅಕಿ ಬಣ್ಣ ಯಾಕ ಹೋಗಬೇಕು?”

“ನಾವೂ ಪಾವತಿ ಚೀಟಿ ಮ್ಯಾಲ ಛಾಪಸೀವಲ್ಲ, ರಂಗಾಚೀ ಗ್ಯಾರಂಟೀ ನಾಹೀ, ಬಣ್ಣಕ್ಕ ಗ್ಯಾರಂಟಿ ಇಲ್ಲ ಅಂತ,” ಎಂದ ಬಸಣ್ಣ. ಐವತ್ತು ವರ್ಷ ಸಂಸಾರ ಮಾಡಿದ ಗಂಡಸು ಇಂಥ ಹೊತ್ತಿನಲ್ಲಿ ಇಂಥ ಮಾತಾಡಬಾರದು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಅವನಿಗೆ ಗೊತ್ತಿರಲಿಲ್ಲವೆಂದಲ್ಲ, ಹೊತ್ತಿಗೆ ನೆನಪಾಗಲಿಲ್ಲ. ಸೀರೆ ನೋಡಲು ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಈ ಫೋಟೋ ಗೋಡೆ ಹತ್ತಿದ್ದು ಸುಮ್ಮನೆ ಅಲ್ಲ. ಗಂಗುಬಾಯಿ ನಾಲ್ಕು ವರ್ಷದವಳಿದ್ದಾಗ ಅವಳ ಅವ್ವ ಸುಗಲಾಬಾಯಿ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅಪ್ಪ ವರ್ಷದೊಳಗೆ ಇನ್ನೊಬ್ಬಳನ್ನು ತಂದ, ಗಂಗುಬಾಯಿ ನಾಗಣಸೂರದಲ್ಲಿ ಅವ್ವನ ತವರಿನಲ್ಲಿ ಬೆಳೆದಳು. ಅವ್ವನ ದನಿ ಹೇಗಿತ್ತು, ನಡೆದರೆ ಹೇಗೆ ನಡೆಯುತ್ತಿದ್ದಳು, ಒಂದೂ ಅವಳಿಗೆ ನೆನಪಿಲ್ಲ. ಇದ್ದದ್ದು ಅಂಗೈಯಗಲದ ಒಂದು ಕಪ್ಪುಬಿಳುಪು ಫೋಟೋ. ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋದಾಗ ಅಲ್ಲಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಹೂತೋಟ ಬರೆದ ಪರದೆ, ಮುಂದೆ ಕುರ್ಚಿಯ ತುದಿಯಲ್ಲಿ ಹೆದರಿ ಕುಳಿತ ಹುಡುಗಿಯಂಥ ಹೆಂಗಸು, ತೊಡೆಯ ಮೇಲೆ ಗಂಗುಬಾಯಿ. ಕೂಸು ಅಲುಗಾಡಿದ್ದರಿಂದ ಗಂಗುಬಾಯಿಯ ಮುಖ ಮಬ್ಬಾಗಿ ಬಂದಿತ್ತು, ಅವ್ವನ ಮುಖ ಮಾತ್ರ ರೆಪ್ಪೆಕೂದಲು ಎಣಿಸುವಷ್ಟು ಸ್ವಚ್ಛ. ಆ ಫೋಟೋ ಮದುವೆಯ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿ ಸೋಲಾಪುರಕ್ಕೆ ಬಂತು. ಪ್ರತಿ ಹೆರಿಗೆಗೆ ಮುಂಚೆ ಅದನ್ನು ತೆಗೆದು ನೋಡುತ್ತಿದ್ದಳು. ಅತ್ತೆಯ ಕೂಡ ಜಗಳವಾದಾಗಲೂ ನೋಡುತ್ತಿದ್ದಳು. ಅವ್ವನಿಗೆ ಚಾಡಿ ಹೇಳಿ ಮತ್ತೆ ಸೀರೆಯೊಳಗೆ ಮಡಚಿಟ್ಟರೆ ಎದೆ ಹಗುರಾಗುತ್ತಿತ್ತು.

ಗೋಡೆಗೆ ಹಾಕಲು ಮಾತ್ರ ಧೈರ್ಯವಾಗಿರಲಿಲ್ಲ. ಗಂಡನ ಮನೆಯ ಗೋಡೆ ಎಂದರೆ ಗಂಡನ ಕಡೆಯ ಹಿರಿಯರಿಗೆ. ಸೊಸೆಯ ತಾಯಿಗೆ ಅಲ್ಲಿ ಮೊಳೆ ಹೊಡೆಯುವ ಪದ್ಧತಿಯೇ ಇಲ್ಲ. ಎರಡು ವರ್ಷದ ಹಿಂದೆ ಮಗ ಶೈಲೇಶ ಮನೆಯ ಪಡಸಾಲೆ ಹೊಸದು ಮಾಡಿಸಿದ, ರಸ್ತೆಗೆ ಮುಖಮಾಡಿ ದೊಡ್ಡ ಕಿಟಕಿ ಇಡಿಸಿದ, ಅಜ್ಜ ಅಜ್ಜಿಯರ ಫೋಟೋ ದೊಡ್ಡದು ಮಾಡಿಸುತ್ತೇನೆ ಎಂದ. ಆಗ ಗಂಗುಬಾಯಿ ಗಂಡನ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. “ನಿಮ್ಮ ಅವ್ವ ಅಪ್ಪ ಹತ್ತೂದಿದ್ರ ನಮ್ಮವ್ವನೂ ಹತ್ತಬೇಕು. ಇಲ್ಲಂದ್ರ ಗ್ವಾಡಿ ಖಾಲಿ ಇರ್ಲಿ.” ಬಸಣ್ಣ ಎರಡು ದಿನ ಮೂಗು ಮುರಿದ, ಮೂರನೇ ದಿನ ಹೂಂ ಅಂದ. ಮೂರು ಫೋಟೋ ಬಣ್ಣ ತುಂಬಿಸಿಕೊಂಡು ಒಟ್ಟಿಗೆ ತಯಾರಾದವು. ಗೆದ್ದ ಗಂಗುಬಾಯಿ ಒಳ್ಳೆಯ ಜಾಗವನ್ನೂ ಗೆದ್ದಳು. ಅತ್ತೆ ಮಾವ ಒಳಗಿನ ಕತ್ತಲೆ ಮೂಲೆಗೆ ಹೋದರು, ಅವ್ವ ಕಿಟಕಿಯ ನೇರ ಎದುರಿಗೆ, ಬಂದವರ ಕಣ್ಣು ಮೊದಲು ಬೀಳುವ ಕಡೆ ಕುಳಿತಳು. ಮಧ್ಯಾಹ್ನ ದಾಟಿದ ಮೇಲೆ ಬಿಸಿಲು ಬಂದು ಅವ್ವನ ಮುಖದ ಮೇಲೆ ಬೀಳುತ್ತಿತ್ತು. “ನೋಡು, ಹ್ಯಾಂಗ ಮಿಂಚ್ತಾಳ,” ಎಂದು ಗಂಗುಬಾಯಿ ಎಲ್ಲರಿಗೂ ತೋರಿಸುತ್ತಿದ್ದಳು.

ಈಗ ನೋಡಿದರೆ ಮೂಲೆಯಲ್ಲಿ ಅತ್ತೆ ಮಾವ ಹೊಸದರಂತೆ ತಣ್ಣಗೆ ಕುಳಿತಿದ್ದಾರೆ! ಅತ್ತೆಯ ಕುಂಕುಮ ಕೂಡ ಕೆಂಪಗಿದೆ. ಇದನ್ನು ಕಂಡ ಮೇಲಂತೂ ಗಂಗುಬಾಯಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬದುಕಿದ್ದಾಗಲೂ ಆ ಮುದುಕಿ ಹೀಗೆಯೇ, ಏನಾದರೂ ಮಾಡಿ ಗೆಲ್ಲುತ್ತಿದ್ದಳು.

ಆ ದಿನವೇ ಫೋಟೋ ಹೊತ್ತುಕೊಂಡು, ಕಾಲೇಜಿಗೆ ಹೋಗುವ ಮೊಮ್ಮಗಳು ದೀಪಾಲಿಯನ್ನು ಕರೆದುಕೊಂಡು, ಹಿಂದಿನ ಗಲ್ಲಿಯ ಗುರುಸಿದ್ಧನ ಸ್ಟುಡಿಯೋಕ್ಕೆ ಹೋದಳು. ಆ ಮೂರೂ ಫೋಟೋ ಮಾಡಿಕೊಟ್ಟವನು ಅವನೇ.

“ಬರ್ರಿ ಕಾಕು, ಕುಂದರ್ರಿ. ಚಹಾ ತರಸ್ತೀನಿ.”

“ನಿನ್ನ ಚಹಾ ಅಲ್ಲೇ ಇರ್ಲಿ. ಇದೇನ್ ಮಾಡೀಪಾ?”

ಗುರುಸಿದ್ಧ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಎಲ್ಲಿ ಹಾಕಿದ್ರಿ ಇದನ್ನ?”

“ಗ್ವಾಡಿ ಮ್ಯಾಲ. ಕಿಡಕಿ ಎದರಿಗೆ. ಎಲ್ಲಾರಿಗೂ ಕಾಣ್ಲಿ ಅಂತ.”

“ಬಿಸಲ ಬೀಳ್ತಿತ್ತೇನ್ರಿ?”

“ಬೀಳ್ತಿತ್ತು.”

“ಅಲ್ಲೇ ತಪ್ಪಿತ್ ನೋಡ್ರಿ.”

“ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ,” ಗಂಗುಬಾಯಿ ದನಿ ಏರಿಸಿದಳು. “ಫೋಟೋ ಕಾಣೂ ಕಡೆ ಹಾಕಬಾರದಂದ್ರ ಮತ್ತೆಲ್ಲಿ ಇಡ್ಲಿ? ಟ್ರಂಕಿನ್ಯಾಗ ಇಡ್ಲೇನು?”

ಗುರುಸಿದ್ಧ ಭೋಳೆ ಮನುಷ್ಯ. “ಟ್ರಂಕಿನ್ಯಾಗ ಇಟ್ಟಿದ್ರ ಭಾಳ ವರ್ಷ ಬಾಳ್ತಿತ್ತರಿ,” ಎಂದ. ದೀಪಾಲಿ ಅಜ್ಜಿಯ ತೋಳು ಹಿಡಿದುಕೊಂಡಳು, ಇಲ್ಲದಿದ್ದರೆ ಗಾಜು ಅಲ್ಲಿಯೇ ಪುಡಿಯಾಗುತ್ತಿತ್ತು.

ಆಮೇಲೆ ಅವನು ತಿಳಿಸಿ ಹೇಳಿದ. ಪ್ರಿಂಟರಿಗೆ ಹಾಕುವ ಇಂಕಿನಲ್ಲಿ ಎರಡು ಜಾತಿ. ಒಂದು ನೀರಿನಲ್ಲಿ ಕರಗಿದ ಬಣ್ಣ, ಬಾಟಲಿಯಲ್ಲಿ ಸಿಗುತ್ತದೆ, ಹಾಕಿದ ದಿನ ಕಣ್ಣು ಕುಕ್ಕುತ್ತದೆ, ಬಿಸಿಲು ಗಾಳಿ ಊದಿನಕಡ್ಡಿಯ ಹೊಗೆ ತಾಗಿದರೆ ವರ್ಷ ಎರಡು ವರ್ಷದಲ್ಲಿ ಇಳಿಯುತ್ತದೆ. ಇನ್ನೊಂದು ಪಿಗ್ಮೆಂಟ್ ಎನ್ನುವುದು, ನುಣ್ಣನೆಯ ಪುಡಿಯ ಬಣ್ಣ, ಕಾಗದದ ಮೇಲೆ ಕೂತುಬಿಡುತ್ತದೆ. ಒಳ್ಳೆಯ ಕಾಗದ ಹಾಕಿ, ಗಾಜು ಹಾಕಿ, ನೆರಳಲ್ಲಿಟ್ಟರೆ ನೂರು ವರ್ಷ ಎನ್ನುತ್ತಾರೆ ಕಂಪನಿಯವರು.

“ನೂರು ವರ್ಷ ಕಾದು ನೋಡಿದವರು ಯಾರದಾರ?” ಎಂದಳು ಗಂಗುಬಾಯಿ.

“ಯಾರೂ ಇಲ್ಲರಿ. ಜೋರ ಲೈಟಿನ ಬುಡಕ ಇಟ್ಟು, ಇಷ್ಟು ದಿನಕ್ಕ ಇಷ್ಟು ಇಳಿದ್ರ ಅಷ್ಟು ವರ್ಷಕ್ಕ ಎಷ್ಟು ಅಂತ ಹಿಸಾಬ ಮಾಡ್ತಾರ.”

ಬಟ್ಟೆ ಅಂಗಡಿಯ ಹೆಂಗಸಿಗೆ ಇಷ್ಟು ಸಾಕು. ಕಚ್ಚಾ ಬಣ್ಣ, ಪಕ್ಕಾ ಬಣ್ಣ. “ಅಂದ್ರ ನೀ ನಮ್ಮವ್ವಗ ಕಚ್ಚಾ ಬಣ್ಣಾ ಹಾಕೀದಿ. ಪಕ್ಕಾದ್ದು ಯಾಕ ಹಾಕ್ಲಿಲ್ಲ?”

“ನೀವು ಕೇಳ್ಲಿಲ್ಲರಿ.”

ಈ ಮಾತಿಗೆ ಏನು ಹೇಳಬೇಕು! ಅಂಗಡಿಗೆ ಬಂದ ಗಿರಾಕಿ ಕೇಳಲಿಲ್ಲ ಎಂದು ಹರಿದ ಸೀರೆ ಕಟ್ಟಿಕೊಟ್ಟಂತೆ. ಗಂಗುಬಾಯಿ ಬಾಯಿಗೆ ಬಂದಂತೆ ಬೈದಳು, ಗುರುಸಿದ್ಧ ತಲೆ ತಗ್ಗಿಸಿ ಬೈಸಿಕೊಂಡ. ಮುಗಿದ ಮೇಲೆ ಅವನು ಹೇಳಿದ, “ಖರೇ ಐತ್ರಿ ಕಾಕು. ಹೊಸಾದು ಮಾಡಿಕೊಡ್ತೀನಿ, ಪಕ್ಕಾದ್ದರಾಗ. ಕಂಪ್ಯೂಟರ್ ಹೋದ ವರ್ಷ ಕೆಟ್ಟು ಫೈಲ್ ಎಲ್ಲಾ ಹೋದ್ವು. ಅದಕ್ಕ ಆ ಮೂಲ ಸಣ್ಣ ಫೋಟೋ ಐತೆಲ್ಲ, ಅದನ್ನೊಂದು ತಂದ್ಕೊಡ್ರಿ.”

ಗಂಗುಬಾಯಿಯ ಹತ್ತಿರ ಆ ಫೋಟೋ ಇರಲಿಲ್ಲ. ಒಂದು ಮೂಲೆ ಹರಿದಿದ್ದ, ನಡುವೆ ಗೆರೆ ಬಿದ್ದಿದ್ದ ಫೋಟೋ ಅದು. ಹರಿದ ದೇವರ ಪಟವನ್ನೂ ತೀರಿಕೊಂಡವರ ಮುರಿದ ಫೋಟೋವನ್ನೂ ಮನೆಯಲ್ಲಿ ಇಡಬಾರದು, ಕಸಕ್ಕೂ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು. ಇದು ಅವಳ ಅಜ್ಜಿ ಕಲಿಸಿದ್ದು, ಅವಳು ಸೊಸೆಗೆ ಕಲಿಸಿದ್ದು. ಹೊಸ ಅವ್ವ ಗೋಡೆಗೆ ಬಂದ ತಿಂಗಳೊಪ್ಪತ್ತಿನಲ್ಲಿ, ಅಕ್ಕಲಕೋಟಕ್ಕೆ ಹೋದಾಗ, ಬೋರಿ ನದಿಯ ಹತ್ತಿರ ಗಾಡಿ ನಿಲ್ಲಿಸಿ, ಹೂವು ಅರಿಸಿನ ಕುಂಕುಮ ಏರಿಸಿ, ಹಳೆಯ ಫೋಟೋವನ್ನು ಅವಳೇ ತನ್ನ ಕೈಯಾರೆ ನೀರಿಗೆ ಬಿಟ್ಟಿದ್ದಳು. ಕೈ ಮುಗಿದು, “ಇನ್ನ ಆರಾಮ ಗ್ವಾಡಿ ಮ್ಯಾಲ ಇರವಾ,” ಎಂದಿದ್ದಳು.

“ಅದು ಬೆಳ್ಳಿ ಹಾಕಿ ಮಾಡಿದ್ದ ಕಾಗದರಿ ಕಾಕು,” ಎಂದ ಗುರುಸಿದ್ಧ ಅವಳಿಂದ ಇದನ್ನೆಲ್ಲ ಕೇಳಿ. “ಅರವತ್ತ ಎಪ್ಪತ್ತ ವರ್ಷ ಆಗಿತ್ತು. ಇನ್ನೊಂದ ಅಷ್ಟು ಏನೂ ಆಗ್ತಿರಲಿಲ್ಲ.”

ಗಂಗುಬಾಯಿ ಹಳದಿ ಫೋಟೋ ಎತ್ತಿಕೊಂಡು ಮನೆಯ ದಾರಿ ಹಿಡಿದಳು. ಗುರುಸಿದ್ಧನನ್ನು ಬೈದಷ್ಟು ಸುಲಭವಾಗಿ ತನ್ನನ್ನು ಬೈದುಕೊಳ್ಳಲು ಬರುತ್ತಿರಲಿಲ್ಲ. ಪದ್ಧತಿಯ ಪ್ರಕಾರ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳಲ್ಲ! ತಪ್ಪು ಮಾಡಿ ಕೆಟ್ಟಿದ್ದರೆ ಸುಮ್ಮನಿರಬಹುದಿತ್ತು. ಸರಿ ಮಾಡಿ ಕೆಟ್ಟದ್ದಕ್ಕೆ ಯಾರ ಮೇಲೆ ಹರಿಹಾಯುವುದು?

ಮರುದಿನ ಶೈಲೇಶನ ತಲೆ ತಿಂದು, ಅವನ ಕಾರಿನಲ್ಲಿ ಅಕ್ಕಲಕೋಟಕ್ಕೆ ಹೋದಳು. ಫೋಟೋ ತೆಗೆದ ಹಣಮಂತಪ್ಪನ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಅವನ ಮಗ ಮೊಬೈಲಿನ ಕವರು ಮಾರುತ್ತಿದ್ದ. ಹಳೆಯ ನೆಗೆಟಿವ್‌ಗಳನ್ನು ಕೇಳಿದ್ದಕ್ಕೆ ಅವನು ನಕ್ಕ.

“ಅಹೋ ಮಾವಶಿ, ಯಾವ ಕಾಲದ ಮಾತ್ರಿ! ನಾ ಸಾಲಿಗೆ ಹೋಗ್ತಿದ್ನಿ, ಆಗಾನ ನಮ್ಮಪ್ಪ ಚೀಲಗಟ್ಲೆ ತುಂಬಿ ಭಂಗಾರದವರಿಗೆ, ಹಳೇ ಸಾಮಾನ ತಗೊಳ್ಳಾವ್ರಿಗೆ, ಕೊಟ್ಟಾನ. ಅದರಾಗಿನ ಬೆಳ್ಳಿ ತಗೀತಾರ್ರಿ ಅವ್ರು.”

“ಮಂದಿ ಮಾರಿ ಮಾರಿಕೊಂಡ್ನೇನು ನಿಮ್ಮಪ್ಪ?” ಎಂದಳು ಗಂಗುಬಾಯಿ. ಅವನಿಗೆ ಏನು ತಿಳಿಯಿತೋ, “ನಿಮ್ಮ ಫೋನಿಗೆ ಗಾಜ ಹಾಕಿಕೊಡ್ಲೇನ್ರಿ?” ಎಂದ. ಅಮ್ಮ ಮಗ ವಾದ ಮಾಡುತ್ತ ಕಾರು ಹತ್ತಿದರು. ಶೈಲೇಶ, “ಅವ್ವಾ, ಹೋಗಿದ್ದ ಹೋತು, ಬಿಡು ಇನ್ನ,” ಎಂದ. ಹೋಗಿದ್ದು ಅವನ ಅವ್ವನಲ್ಲವಲ್ಲ, ಅವನಿಗೇನು, ಬಿಡು ಎನ್ನುತ್ತಾನೆ.

ಮನೆಗೆ ಬಂದು ಯಾರ ಮುಂದಾದರೂ ಗೋಳಾಡಿಕೊಳ್ಳಬೇಕೆಂದು ಹನ್ನೂರಿಗೆ, ಅವ್ವನ ತಂಗಿ ಸೋನಾಬಾಯಿಗೆ ಫೋನು ಹಚ್ಚಿದಳು. ಎಂಬತ್ತರ ಹತ್ತಿರದ ಚಿಗವ್ವ ಎಲ್ಲ ಕೇಳಿಸಿಕೊಂಡು, “ಅಯ್ಯ, ಅದಕ್ಯಾಕ ಅಳ್ತೀ ಕೂಸ? ಅಂಥಾದ್ದ ಒಂದು ನನ್ನ ಹತ್ರನೂ ಐತಿ. ಸ್ಟುಡಿಯೋದಾಂವ ಎರಡ ಕೊಟ್ಟಿದ್ದ. ಒಂದು ನಿನ್ನ ಕೂಡ ಬಂತು, ಇನ್ನೊಂದು ನನ್ನ ಲಗ್ನದಾಗ ನನ್ನ ಕೂಡ ಬಂತು,” ಎಂದಳು.

ಗಂಗುಬಾಯಿಗೆ ಫೋನಿಟ್ಟು ನಿಲ್ಲಲಾಗಲಿಲ್ಲ. ಇಷ್ಟು ದಿನ ಈ ಮುದುಕಿ ಬಾಯಿ ಬಿಡಲಿಲ್ಲವಲ್ಲ ಎಂದು ಬೈಯುತ್ತಲೇ ನಕ್ಕಳು. ಮೂಲೆಯ ಅತ್ತೆಯ ಫೋಟೋದತ್ತ ನೋಡಿ, “ಈಗ ನೋಡೂಣು,” ಎಂದು ಸವಾಲು ಹಾಕಿದಳು. ದೀಪಾಲಿಗೆ ಕಾಲೇಜು ತಪ್ಪಿಸಿ ಮರುದಿನ ಬೆಳಿಗ್ಗೆಯೇ ಹನ್ನೂರಿಗೆ ಹೊರಟಳು. ಇಡೀ ದಾರಿ ಗುರುಸಿದ್ಧನಿಗೆ ಏನು ಹೇಳಬೇಕು, ಎಂಥ ಕಾಗದ ಹಾಕಿಸಬೇಕು, ಯಾವ ಗೋಡೆಗೆ ಮೊಳೆ ಹೊಡೆಯಬೇಕು ಎಂಬ ಲೆಕ್ಕವೇ.

ಸೋನಾಬಾಯಿ ಅವರನ್ನು ದೇವರ ಜಗಲಿಯ ಮುಂದೆ ಕೂರಿಸಿದಳು. ದೇವರ ಸಾಲಿನ ಹಿಂದೆ, ಗೋಡೆಗೆ ಒರಗಿಸಿದ್ದ ಒಂದು ಸಣ್ಣ ಹಲಗೆಯನ್ನು ಎರಡೂ ಕೈಯಿಂದ ತೆಗೆದುಕೊಟ್ಟಳು. ಗಂಗುಬಾಯಿಗೆ ಅದು ಗುರುತಿತ್ತು. ಈ ಮನೆಗೆ ಬಂದಾಗಲೆಲ್ಲ ಕೆಂಪು ಹಿಡಿದ ಆ ಹಲಗೆಯನ್ನು ಯಾವುದೋ ದೇವಿಯ ಪಟ ಎಂದುಕೊಂಡು ಕೈ ಮುಗಿದಿದ್ದಳು. ಈಗ ಹತ್ತಿರ ಹಿಡಿದು ನೋಡಿದಳು. ಹಲಗೆಗೆ ಅಂಟಿಸಿದ ಫೋಟೋದಲ್ಲಿ ಹಿಂದಿನ ಹೂತೋಟ ಇತ್ತು. ಕುರ್ಚಿಯ ಕಾಲು ಇತ್ತು. ಅವ್ವನ ಕೈಬಳೆ ಇತ್ತು, ತೊಡೆಯ ಮೇಲೆ ಮಬ್ಬುಮುಖದ ಗಂಗುಬಾಯಿಯೂ ಇದ್ದಳು. ಅವ್ವನ ಮುಖವಿರಬೇಕಾದ ಕಡೆ ಒಣಗಿದ ಕುಂಕುಮದ ದಪ್ಪನೆಯ ಕೆಂಪು ಗಟ್ಟಿ ಮಾತ್ರ.

“ಗಾಜ ಎಲ್ಲೈತಿ?” ಎಂದಳು ಗಂಗುಬಾಯಿ.

“ಗಾಜ ಯಾಕವಾ? ಗಾಜಿನ ಮ್ಯಾಲ ಕುಂಕುಮ ಇಟ್ರ ಅಕ್ಕಗ ಹ್ಯಾಂಗ ಮುಟ್ಟಬೇಕು? ಪ್ರತಿ ಅಮಾಸಿಗಿ ಬೆರಳ ನೀರಾಗ ಅದ್ದಿ, ಕುಂಕುಮ ಹಚ್ಚತೀನಿ. ಒಂದ ಅಮಾಸಿ ಬಿಟ್ಟಿಲ್ಲ.”

“ಚಿಗವ್ವ, ನಿನಗ ಬುದ್ಧಿ ಐತೇನ?” ಗಂಗುಬಾಯಿಯ ದನಿಗೆ ಅಂಗಳದ ಕೋಳಿ ಚದುರಿದವು. “ಹಣಿಗೆ ಹಚ್ಚೋದು ಬಿಟ್ಟು ಮಾರಿ ಪೂರಾ ಬಳದೀಯಲ್ಲ! ಕಣ್ಣಿಲ್ಲ, ಮೂಗಿಲ್ಲ. ನಾ ಯಾರನ್ನ ನೋಡ್ಲಿ ಇಲ್ಲೆ?”

ಸೋನಾಬಾಯಿ ಹೆದರಿ ಹಿಂದೆ ಸರಿದಳು. ಪೊರೆ ಬಂದ ಕಣ್ಣಿಗೆ ಹಣೆ ಎಲ್ಲಿದೆ ಎಂಬುದು ಕಾಣದೆ ಎಷ್ಟು ವರ್ಷವಾಗಿತ್ತೋ. “ಮುತ್ತೈದಿ ಸತ್ತಾಳ ನಮ್ಮಕ್ಕ,” ಎಂದಳು ಸಣ್ಣ ದನಿಯಲ್ಲಿ. “ಬರೇ ಹಣೀಲೆ ಹ್ಯಾಂಗ ಬಿಡ್ಲಿ?”

ಗಂಗುಬಾಯಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಗುರುಸಿದ್ಧ ಬಣ್ಣ ಉಳಿಸಲಿಲ್ಲ, ತಾನು ಫೋಟೋ ಉಳಿಸಲಿಲ್ಲ, ಈ ಮುದುಕಿ ಮುಖ ಉಳಿಸಲಿಲ್ಲ. ಒಬ್ಬರಾದರೂ ವೈರಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಎಲ್ಲರೂ ಭಕ್ತಿಯಿಂದಲೇ ಅವ್ವನನ್ನು ಮುಗಿಸಿದ್ದಾರೆ. ದೀಪಾಲಿ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿ ನೋಡಿದಳು. ಕುಂಕುಮದ ಜೊತೆ ಕಾಗದದ ಮೇಲಿನ ಪದರೂ ಎದ್ದು ಬಂತು. ಗಂಗುಬಾಯಿ ಮೊಮ್ಮಗಳ ಕೈ ಹಿಡಿದು, “ಬಿಡು, ಇದ್ದದ್ದೂ ಹೋಗತೈತಿ,” ಎಂದಳು. ಆಮೇಲೆ ಚಿಗವ್ವನ ಕೈಯಿಂದ ಒಂದು ತುತ್ತು ಊಟ ಮಾಡಲಾರದೆ ಹಾಗೆಯೇ ಎದ್ದು ಬಂದಳು, ಅದಕ್ಕೂ ದಾರಿಯುದ್ದಕ್ಕೂ ಹಳಹಳಿಸಿದಳು.

ಅಜ್ಜಿ ಮೂರು ದಿನ ಯಾರನ್ನೂ ಬೈಯದೆ ಕುಳಿತದ್ದನ್ನು ಕಂಡು ದೀಪಾಲಿ ಹೆದರಿದಳು. “ಆಯಿ, ಜರಾ ಇಕಡೆ ನೋಡು. ಫೋನ್ಯಾಗ ಮಾರಿ ಹೊಳ್ಳಿ ಮಾಡಾಕ ಬರತೈತಿ,” ಎಂದಳು. ಹಳದಿಯಾದ ಫೋಟೋ, ಹನ್ನೂರಿಗೆ ಹೋದಾಗ ಫೋನಿನಲ್ಲಿ ಹಿಡಿದುಕೊಂಡಿದ್ದ ಹಲಗೆ, ಗಂಗುಬಾಯಿಯ ಮದುವೆಯ ಫೋಟೋ, ಸೋನಾಬಾಯಿಯ ಮುಖ, ಎಲ್ಲವನ್ನೂ ಫೋನಿನ ಒಂದು ಆ್ಯಪಿಗೆ ಉಣಿಸಿದಳು. ಚಹಾ ಕುದಿಯುವಷ್ಟರಲ್ಲಿ ಒಬ್ಬ ಹೆಂಗಸು ಪರದೆಯ ಮೇಲೆ ಬಂದು ಕುಳಿತಳು.

“ಥೂ, ಯಾರಿಕಿ? ಸಿನಿಮಾದಾಕಿ!” ಎಂದಳು ಗಂಗುಬಾಯಿ. “ನಮ್ಮವ್ವ ಇಷ್ಟು ಬೆಳ್ಳಗ ಇರಲಿಲ್ಲ.”

ಮೊಮ್ಮಗಳು ಬಣ್ಣ ಇಳಿಸಿದಳು. ಇನ್ನೊಬ್ಬಳು ಬಂದಳು.

“ಹುಬ್ಬ ಹಿಂಗ ತೀಡಿದ್ದಿಲ್ಲ. ಹಳ್ಳಿ ಹೆಣಮಗಳು ಅಕಿ. ಮತ್ತ ನಗಾಕ ಯಾಕ ಹಚ್ಚೀದಿ? ಅಂಜಿ ಕುಂತಿದ್ಲು ನಮ್ಮವ್ವ, ನಗ್ತಿರಲಿಲ್ಲ.”

ನಗು ಹೋಯಿತು, ಹುಬ್ಬು ದಪ್ಪವಾಯಿತು. ಗಂಗುಬಾಯಿಗೆ ಹುರುಪು ಬಂತು. ಸೀರೆ ಆರಿಸಿದಂತೆ ಪಕ್ಕಕ್ಕೆ ಕುಳಿತು, ಇದು ಬೇಡ, ಅದು ಬೇಡ, ಗಲ್ಲ ಇನ್ನಷ್ಟು ತುಂಬಲಿ, ಹಣೆ ಅಷ್ಟು ಅಗಲ ಬೇಡ ಎಂದು ಹೇಳುತ್ತ ಹೋದಳು. ಎರಡು ಮಧ್ಯಾಹ್ನ ಇದೇ ನಡೆಯಿತು. ಹಾಡಿದ್ದೇ ಹಾಡು. ದೀಪಾಲಿಗೆ ಸಾಕುಸಾಕಾಯಿತು.

“ಆಯಿ, ನೀ ಅಲ್ಲ ಅಲ್ಲ ಅಂತ ಅಷ್ಟ ಹೇಳ್ತಿ. ಹ್ಯಾಂಗಿತ್ತು ಅದನ್ನ ಹೇಳು. ಮೂಗ ಹ್ಯಾಂಗಿತ್ತು?”

“ಮೂಗು...” ಎಂದಳು ಗಂಗುಬಾಯಿ. “ಮೂಗು ನೆಟ್ಟಗಿತ್ತು.”

“ಇದು ನೆಟ್ಟಗ ಐತಲ್ಲ?”

“ಅಷ್ಟು ನೆಟ್ಟಗ ಅಲ್ಲ.”

“ಮತ್ತ ಇದು?”

ಗಂಗುಬಾಯಿ ಕಣ್ಣು ಮುಚ್ಚಿದಳು. ಹೆಚ್ಚುಕಡಿಮೆ ಐವತ್ತು ವರ್ಷ ಟ್ರಂಕಿನಿಂದ ತೆಗೆದು ತೆಗೆದು ನೋಡಿದ ಮುಖ. ಬಂದದ್ದು ಮೊದಲು ಸಿನಿಮಾದವಳು. ಅವಳನ್ನು ಓಡಿಸಿದರೆ ನಗುವವಳು ಬಂದಳು. ಅವಳ ಹಿಂದೆ ಹಳದಿ, ಅದರ ಹಿಂದೆ ಕೆಂಪು ಗಟ್ಟಿ. ಅವುಗಳಾಚೆಗೆ ಯಾರೋ ಕುಳಿತಿದ್ದಾಳೆ ಎನಿಸಿತು, ಆದರೆ ಆಕೆ ಮುಖ ತಿರುಗಿಸಲಿಲ್ಲ.

ದೀಪಾಲಿ ಉಪಾಯ ಮಾಡಿ ಸೋನಾಬಾಯಿಗೆ ವೀಡಿಯೋ ಕಾಲ್ ಹಚ್ಚಿದಳು. ಆ್ಯಪು ಮಾಡಿಕೊಟ್ಟ ಮೂವರು ಹೆಂಗಸರನ್ನು ಒಬ್ಬೊಬ್ಬರಾಗಿ ತೋರಿಸಿದಳು. ಮುದುಕಿ ಮೂವರಿಗೂ, “ಹೌದವಾ, ನಮ್ಮಕ್ಕನ. ಎಷ್ಟ ಛಂದ ಕಾಣ್ತಾಳ!” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೇರೆ ದಿನವಾಗಿದ್ದರೆ ಗಂಗುಬಾಯಿ ಫೋನು ಕಸಿದುಕೊಂಡು ಬೈಯುತ್ತಿದ್ದಳು. ಇಂದು ಮೂವರನ್ನೂ ತಾನೂ ನೋಡಿದಳು. ಮೂವರೂ ಹೌದು ಎನಿಸಿದರು, ಮೂವರೂ ಅಲ್ಲ ಎನಿಸಿದರು.

“ಹೇಳ ಆಯಿ, ಯಾವಾಕಿ?”

“ನನಗ ಗೊತ್ತಾಗವಲ್ದವಾ,” ಎಂದಳು ಗಂಗುಬಾಯಿ. ಅವಳ ಬಾಯಿಂದ ಇಂಥ ಮಾತನ್ನು ಆ ಮನೆ ಅದೇ ಮೊದಲು ಕೇಳಿದ್ದು.

ಶೈಲೇಶನಿಗೆ ಇದೆಲ್ಲ ಮುಗಿದರೆ ಸಾಕಾಗಿತ್ತು. ಕೊನೆಯದು ಚೆನ್ನಾಗಿದೆ, ಅದನ್ನೇ ಮಾಡಿಸ್ತೀನಿ ಎಂದ. ಗಂಗುಬಾಯಿ ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೊರಟಳು. ಗುರುಸಿದ್ಧ ಅವಳನ್ನು ಕಂಡದ್ದೇ ಎದ್ದು ನಿಂತ. ಈ ಸಲ ಬೈಸಿಕೊಳ್ಳಬಾರದೆಂದು ಮೊದಲೇ ಎಲ್ಲ ಹೊಂದಿಸಿಕೊಂಡಿದ್ದ.

“ಕಾಕು, ಪುಣೆಯಿಂದ ಮಾಡಿಸಿ ತರಸ್ತೀನಿ. ಪಿಗ್ಮೆಂಟ್ ಇಂಕು, ಹತ್ತಿ ಕಾಗದ, ಬಿಸಲ ತಡಿಯೂ ಗಾಜು. ನೆರಳಾಗ ಹಾಕ್ರಿ ಅಷ್ಟ. ನೂರು ವರ್ಷ ಅಲುಗಾಡಂಗಿಲ್ಲ. ನಿಮ್ಮ ಮೊಮ್ಮಕ್ಕಳ ಮಕ್ಕಳೂ ಕೈ ಮುಗೀತಾರ.”

“ಯಾರಿಗೆ?” ಎಂದಳು ಗಂಗುಬಾಯಿ.

ಗುರುಸಿದ್ಧನಿಗೆ ತಿಳಿಯಲಿಲ್ಲ. ಶೈಲೇಶನ ಕಡೆ ನೋಡಿದ. ಕಂಪ್ಯೂಟರಿನ ಪರದೆಯ ಮೇಲೆ ಆ ಹೆಂಗಸು ಹೂತೋಟದ ಮುಂದೆ, ಕುರ್ಚಿಯ ತುದಿಯಲ್ಲಿ, ಹೇಳಿಕೊಟ್ಟಷ್ಟೇ ಹೆದರಿ ಕುಳಿತಿದ್ದಳು. ಗಂಗುಬಾಯಿ ಹತ್ತಿರ ಹೋಗಿ ಅವಳ ಎದುರು ಬಹಳ ಹೊತ್ತು ನಿಂತಳು.

“ಪುಣೇದು ಬ್ಯಾಡ,” ಎಂದಳು ಆಮೇಲೆ. “ನಿನ್ನ ಆ ಬಾಟ್ಲಿ ಇಂಕು ಐತೆಲ್ಲ, ಅದರಾಗ ತಗದ ಕೊಡು.”

“ಅಯ್ಯ ಕಾಕು! ಅದು ಹೋಗತೈತ್ರಿ ಮತ್ತ. ನೆರಳಾಗ ಇಟ್ರೂ ನಾಕೈದು ವರ್ಷ, ಅದರ ಮ್ಯಾಲ ಬಾಳೂದಿಲ್ಲ.”

“ಹೋಗಲಿ,” ಎಂದಳು ಗಂಗುಬಾಯಿ. “ಇಕಿ ನಮ್ಮವ್ವ ಹೌದೋ ಅಲ್ಲೋ ನನಗ ಖಾತ್ರಿ ಇಲ್ಲ. ನಾ ಇರೂತನ ಇದ್ರ ಸಾಕು.”